ಮೇ ತಿಂಗಳಲ್ಲಿ ಕಂಡ ಕಾಂಡ್ಲಾ

ನಾವು ಬಳಸುವ ಉಪಗ್ರಹ ಚಿತ್ರದಲ್ಲಿ ಕಾಡು ಹಸಿರಾಗಿ ಕಾಣುವುದಿಲ್ಲ, ಕೆಂಪಾಗಿ ಕಾಣುತ್ತದೆ. ತೆಂಗಿನ ತೋಟ ಒಂದು ಬಗೆಯ ಕೆಂಪು, ಗುಡ್ಡದ ಕಾಡು ಇನ್ನೊಂದು ಬಗೆ. ಉಪ್ಪುನೀರಿನ ಕೆಸರಿನಲ್ಲಿ ಬೇರೂರಿ ನಿಲ್ಲುವ ಕಾಂಡ್ಲಾ ಮಾತ್ರ ಕಪ್ಪಿಗೆ ತಿರುಗಿದ ಕೆಂಪು. ಎಲೆಗಳ ಸಂದಿಯಿಂದ ಕೆಳಗಿನ ನೀರೂ ಚಿತ್ರದೊಳಗೆ ಬಂದಿರುತ್ತದೆ, ಅದಕ್ಕೆ. ಇದನ್ನು ನಾನು ಕಚೇರಿಗೆ ಬಂದ ಹೊಸಬರಿಗೆಲ್ಲ ಪಾಠದಂತೆ ಹೇಳುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೊದಲ ಕೆಲವು ವರ್ಷಗಳು ಅವು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಪುಣೆಯ ಒಂದು ಸಣ್ಣ ಕಚೇರಿಯಲ್ಲಿ ಕುಳಿತು, ಘಟ್ಟದ ಆಚೆಗಿರುವ ಕರಾವಳಿಯ ಕಾಂಡ್ಲಾ ವನಗಳ ನಕ್ಷೆ ಮಾಡುವುದು ನನ್ನ ಕೆಲಸವಾಗಿತ್ತು.

ಸಮುದ್ರವಿಲ್ಲದ ಊರಿನಲ್ಲಿ ಈ ಕೆಲಸವೇನು ಎಂದು ಅಪ್ಪನ ಹೋಟೆಲಿಗೆ ಬರುವವರು ಕೇಳುತ್ತಿದ್ದರು. ಅಪ್ಪ ಕುಂದಾಪುರದ ಕಡೆಯಿಂದ ಬಂದು ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಹೋಟೆಲು ಇಟ್ಟವರು. ಮೇಲಿನ ಮಾಳಿಗೆಯೇ ನಮ್ಮ ಮನೆ. ನಾನು ಉತ್ತರ ಕೊಡುತ್ತಿದ್ದೆ: ನಕ್ಷೆಯಲ್ಲಿ ಕಾಂಡ್ಲಾ ಎಂದು ಗುರುತಾದ ಜಾಗವನ್ನು ಯಾರೂ ಕಡಿಯುವ ಹಾಗಿಲ್ಲ, ಅಗೆಯುವ ಹಾಗಿಲ್ಲ, ಮಣ್ಣು ತುಂಬುವ ಹಾಗಿಲ್ಲ. ಸಿಗಡಿ ಸಾಕುವ ಕೆರೆ ತೋಡಲು ಎಷ್ಟೋ ಹೊಳೆದಂಡೆಗಳು ಬೋಳಾಗುತ್ತಿದ್ದ ಕಾಲ ಅದು. ನಕ್ಷೆಯೊಳಗೆ ಬಂದದ್ದು ಉಳಿಯುತ್ತದೆ ಎಂದು ನಮ್ಮ ಕಚೇರಿಯ ಮೇಡಂ ಹೇಳುತ್ತಿದ್ದರು. ನನಗೂ ಆ ಮಾತಿನಲ್ಲಿ ನಂಬಿಕೆಯಿತ್ತು. ಬೇರೆ ಹೆಚ್ಚಿನದರಲ್ಲಿ ಇರಲಿಲ್ಲ. ಹೋಟೆಲಿನ ಹಳೆಯ ಗಿರಾಕಿಗಳು ತಾವು ಕಂಡ ಮಳೆ, ತಾವು ಕಂಡ ಮಾವಿನ ತೋಪುಗಳ ಕಥೆ ಹೇಳಿದರೆ, ಯಾವ ವರ್ಷ, ಯಾರು ಬರೆದಿಟ್ಟಿದ್ದಾರೆ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ನೆನಪು ಸಾಕ್ಷಿಯಲ್ಲ ಎನ್ನುವುದು ನನ್ನ ಪಾಠದ ಎರಡನೆಯ ಭಾಗವಾಗಿತ್ತು.

ಹಾಗಿದ್ದೂ ನಾನು ಮಾಡಿದ್ದು ಇದು.

ಕುಂದಾಪುರದ ಕಡೆಯ ಒಂದು ಹೊಳೆಯ ಚಿತ್ರ ನಮ್ಮ ಮುಂದಿತ್ತು. ದಸರೆಯ ಹೊತ್ತಿನಲ್ಲಿ, ಮೋಡ ಸರಿದ ಮೇಲೆ ತೆಗೆದದ್ದು. ಹೊಳೆ ಬಾಗುವಲ್ಲಿ, ಎಡದಂಡೆಗೆ ಅಂಟಿಕೊಂಡು ಕಪ್ಪುಕೆಂಪಿನ ಒಂದು ಪಟ್ಟಿ. ಕಾಂಡ್ಲಾ ಇರಬಹುದು, ಇಲ್ಲದಿರಬಹುದು. ಇಂಥ ಕಡೆಗೆಲ್ಲ ಯಾರಾದರೂ ಹೋಗಿ ಕಣ್ಣಾರೆ ನೋಡಿ ಬರಬೇಕು, ಅದೇ ಪದ್ಧತಿ. ಆದರೆ ಒಪ್ಪಿಸುವ ದಿನ ಹತ್ತಿರ ಬಂದಿತ್ತು, ತಂಡ ಬೇರೆ ಹೊಳೆಗಳಲ್ಲಿತ್ತು. ಈ ದಂಡೆಯನ್ನು ಬಲ್ಲವರು ಯಾರಾದರೂ ಇದ್ದೀರಾ ಎಂದು ಮೇಡಂ ಮರಾಠಿಯಲ್ಲಿ ಕೇಳಿದರು.

ನಾನು ಬಲ್ಲೆ ಎಂದೆ. ಅದು ನನ್ನ ಸೋದರತ್ತೆಯ ಊರು. ಚಿಕ್ಕವನಿದ್ದಾಗ ಆ ನೀರಿನಲ್ಲಿ ಆಡಿದ್ದೇನೆ. ಆ ಬಾಗಿನಲ್ಲಿ ಕಾಂಡ್ಲಾ ಗಿಡಗಳಿದ್ದುದು ನನಗೆ ಚೆನ್ನಾಗಿ ನೆನಪಿದೆ.

ನಕ್ಷೆ ಕೋಣೆಯ ಹಿರಿಯರೊಬ್ಬರು ತಮ್ಮ ಕಂಪ್ಯೂಟರಿನಿಂದ ತಲೆ ಎತ್ತದೆಯೇ ಕೇಳಿದರು. ಅವರು ಯಾದಗಿರಿ ಕಡೆಯವರು. ತಂದೆತಾಯಿ ಪುಣೆಗೆ ಕಟ್ಟಡದ ಕೆಲಸಕ್ಕೆ ಬಂದಿದ್ದರು, ಇವರು ಇಲ್ಲಿಯೇ ಓದಿ, ದೇಹೂ ರೋಡಿನಿಂದ ದಿನಾ ಲೋಕಲ್ ರೈಲಿನಲ್ಲಿ ಬರುತ್ತಿದ್ದರು.

"ನೆನಪಿನ ಮ್ಯಾಲ ನಕ್ಷಾ ತಗಿಯೂದು ಯಾವ ಯುನಿವರ್ಸಿಟ್ಯಾಗ ಕಲಸ್ತಾರ್ರೀ ಪಂಡಿತ್ರ?"

"ಇದು ನೆನಪಲ್ಲ. ಸ್ಥಳೀಯ ಪರಿಚಯ" ಎಂದೆ.

"ಹಾಂ, ಹಂಗಂದ್ರ ಸರಿ. ಹೆಸರು ಬದಲಾತು, ಕೆಲಸ ಮುಗೀತು."

ಪಟ್ಟಿಗೆ ಕಾಂಡ್ಲಾದ ಬಣ್ಣ ತುಂಬಿದೆ. ಪರಿಶೀಲನೆಯ ನಮೂನೆಯಲ್ಲಿ ಎದುರಿನ ಅಂಕಣಕ್ಕೆ "ಸ್ಥಳೀಯ ಪರಿಚಯದಿಂದ ಖಚಿತ" ಎಂದು ಬರೆದು ಸಹಿ ಹಾಕಿದೆ. ನಕ್ಷೆ ಸರ್ಕಾರಕ್ಕೆ ಹೋಯಿತು. ಮುಂದಿನ ವರ್ಷ ಅದೇ ಹೊಳೆಯಲ್ಲಿ, ಇನ್ನೂ ಮೇಲಕ್ಕೆ, ಸಿಗಡಿ ಕೆರೆಗೆಂದು ದೊಡ್ಡ ಕಾಂಡ್ಲಾ ವನವನ್ನು ಕಡಿಸಲು ಹೊರಟಿದ್ದ ಒಬ್ಬನನ್ನು ನಮ್ಮ ನಕ್ಷೆಯ ಬಲದಿಂದ ತಡೆದರೆಂದು ಸುದ್ದಿ ಬಂತು. ಅವನು ಕೋರ್ಟಿಗೆ ಹೋದ. ಕಚೇರಿಯಲ್ಲಿ ಅಂದು ಪೇಢೆ ಹಂಚಿದ್ದೆವು. ಹಂಚಿದವನು ನಾನೇ ಇರಬೇಕು.

ಅದಾದ ಮರುವರ್ಷ, ಯುಗಾದಿ ಕಳೆದ ಮೇಲೆ, ಅತ್ತೆ ಪುಣೆಗೆ ಬಂದರು. ಹೇಳದೆ ಕೇಳದೆ, ಮಂಗಳೂರು ಬಸ್ಸಿನಲ್ಲಿ ಒಬ್ಬರೇ. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ನಾನು ಮಾಳಿಗೆಯಿಂದ ಇಳಿದು ಬರುವಾಗ ಅವರು ಅಡುಗೆಮನೆಯ ಬಾಗಿಲಲ್ಲಿ ಕುಳಿತು ಚೀಲದಿಂದ ಪುನರ್ಪುಳಿ ಸಿಪ್ಪೆಯ ಪೊಟ್ಟಣ ತೆಗೆದು ಅಮ್ಮನಿಗೆ ಕೊಡುತ್ತಿದ್ದರು. ಅದರ ಕೆಳಗಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಕಾಗದ ತೆಗೆದರು.

"ನಮ್ಮ್ ಗೆದ್ದೆ ದಂಡಿಗೆ ಒಂದ್ ಬುಟ್ಟಿ ಕೆಸ್ರ್ ಹಾಕುಕೆ ಬಿಡ್ತಿಲ್ಲ" ಎಂದರು ಅಪ್ಪನಿಗೆ. "ಹೋದ್ ವರ್ಷ ಫಾರೆಸ್ಟ್ ಗಾರ್ಡ್ ಬಂದ್ ಬುಟ್ಟಿ, ಹಾರಿ ಎಲ್ಲ ಹಿಡ್ಕಂಡ್ ಹೋದ. ಅದ್ ಗೆದ್ದೆ ಅಲ್ಲ, ಕಾಡ್ ಅಂಬ್ರ್. ನಾನ್ ಇಷ್ಟ್ ವರ್ಷ ಕಾಡಂಗೆ ಭತ್ತ ಬಿತ್ತದ್ದಾ?"

"ಹೆಣೆ, ಮೊದ್ಲ್ ಕಾಪಿ ಕುಡಿ" ಎಂದರು ಅಪ್ಪ. "ಸರ್ಕಾರ ಎಲ್ಲೂ ಓಡಿ ಹೋಪುದಿಲ್ಲ."

"ಸರ್ಕಾರ ಓಡುದಿಲ್ಲ ಅಣ್ಣ. ಹೊಳಿ ಓಡ್ತ್. ದಂಡಿ ಎರಡ್ ಕಡೆ ಬಿರ್ಕ್ ಬಿಟ್ಟಿತ್ತ್. ಹೋದ್ ವರ್ಷ ಉಪ್ಪ್ ನೀರ್ ನುಗ್ಗಿ ಒಂದ್ ತೆನೆ ಸಿಕ್ಕಲಿಲ್ಲ. ಈ ಸರ್ತಿ ಮಳೆ ಬಪ್ಪು ಮುಂಚೆ ದಂಡಿ ಕಟ್ಟದಿದ್ರೆ ಮತ್ತ್ ಆ ಗೆದ್ದೆ ಗೆದ್ದೆ ಅಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನೀನ್ ಗಿಡಮರದ್ದೇ ಕಲ್ತದ್ದ್ ಅಲ್ದಾ ಮಗಾ. ಇದ್ ಓದಿ ಹೇಳ್, ಯಾರಿಗ್ ಅರ್ಜಿ ಕೊಡುಕ್?"

ನೋಟಿಸಿಗೆ ನಕ್ಷೆಯ ಒಂದು ತುಂಡನ್ನು ಲಗತ್ತಿಸಿದ್ದರು. ನೆರಳಚ್ಚಿನಲ್ಲಿ ಬಣ್ಣವೆಲ್ಲ ಹೋಗಿ ಬರಿಯ ಗೆರೆಗಳು ಉಳಿದಿದ್ದವು. ಹೊಳೆಯ ಬಾಗು, ಎಡದಂಡೆ, ಪಟ್ಟಿ. ಅದನ್ನು ಎಳೆದವನು ನಾನು ಎಂದು ತಿಳಿಯಲು ನನಗೆ ಬಣ್ಣ ಬೇಕಿರಲಿಲ್ಲ.

ಆಗ ನಾನು ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ, ವಿಚಾರಣೆ ಮಾಡುವವನ ಹಾಗೆ ಕೇಳಿದೆ:

"ಅತ್ತೆ, ಆ ಗದ್ದೆಯ ಒಳಗೆ ಕಾಂಡ್ಲಾ ಇರಲಿಲ್ಲವಾ? ನಾನು ನೋಡಿದ್ದೇನಲ್ಲ. ನೀರಿನೊಳಗೆ ಸಾಲಾಗಿ, ನನ್ನ ಮೊಣಕಾಲಿನಷ್ಟು ಎತ್ತರ."

"ಇದ್ದಿತ್" ಎಂದರು ಅತ್ತೆ, ಒಂದಿಷ್ಟೂ ತಡವರಿಸದೆ. "ನೀನ್ ಬಪ್ಪುದ್ ಮೇ ತಿಂಗ್ಳಗೆ ಅಲ್ದಾ. ಭತ್ತ ಕೊಯ್ದ್ ಆದ್ ಮೇಲೆ ತೂಬಿನ ಹಲ್ಗಿ ತೆಗ್ದ್ ಉಪ್ಪ್ ನೀರ್ ಒಳ್ಗ್ ಬಿಡ್ತ್, ಮೀನಿಗೆ. ಆ ನೀರಂಗೆ ಕಾಂಡ್ಲಾ ಕೋಡ್, ಅದ್ರ್ ಬೀಜ, ತೇಲ್ಕಂಡ್ ಬತ್ತ್. ಕೆಸ್ರಗೆ ಕಂತಿ ಚಿಗುರ್ತ್. ಮಳೆ ಬಪ್ಪು ಮುಂಚೆ ಅದನ್ನೆಲ್ಲ ಕಿತ್ತ್, ದಂಡಿ ಹೊರ್ಗಡಿ ನಟ್ಟ್, ಮತ್ತೆ ಗೆದ್ದಿಗೆ ಸಿಹಿನೀರ್ ನಿಲ್ಲಿಸಿ ಭತ್ತ ಬಿತ್ತುದ್. ನೀವೆಲ್ಲ ಅಷ್ಟೊತ್ತಿಗೆ ಪುಣೆ ಬಸ್ ಹತ್ತಿ ಆಯ್ತ್."

"ಹೊರಗೆ ಯಾಕೆ ನೆಡುವುದು?"

"ಹೊಳಿ ದಂಡಿ ತಿಂಬುಕಾಗ ಅಂದೇಳಿ. ನನ್ನ್ ಅತ್ತೆ ನಟ್ಟದ್, ಅವ್ರ್ ಅತ್ತೆ ನಟ್ಟದ್, ನಾನ್ ನಟ್ಟದ್. ಹೊರ್ಗಡಿ ಇಪ್ಪು ಮರ ಎಲ್ಲ ಹಾಂಗೇ ಬಂದದ್ದ್."

ಹೋಟೆಲಿನವರ ಮಕ್ಕಳು ಊರನ್ನು ನೋಡುವುದು ಬೇಸಿಗೆ ರಜೆಯಲ್ಲಿ ಮಾತ್ರ. ದೀಪಾವಳಿಗೆ ಗಿರಾಕಿ ಹೆಚ್ಚು, ಅಪ್ಪ ಗಲ್ಲಾ ಬಿಟ್ಟು ಕದಲುತ್ತಿರಲಿಲ್ಲ. ಘಟ್ಟದಲ್ಲಿ ಮಳೆ ಹಿಡಿಯುವ ಮೊದಲೇ ನಮ್ಮನ್ನು ವಾಪಸು ಕರೆತರುತ್ತಿದ್ದರು. ತೊಂಬತ್ತರ ದಶಕದಲ್ಲಿ ನಾನು ಶಾಲೆ ಮುಗಿಸಿ ಕಾಲೇಜಿಗೆ ಬರುವವರೆಗೆ ಪ್ರತಿ ವರ್ಷ ಹೀಗೆಯೇ. ಹಾಗಾಗಿ ಅತ್ತೆಯ ಗದ್ದೆಯಲ್ಲಿ ಭತ್ತ ನಿಂತದ್ದನ್ನು ನಾನು ಜೀವಮಾನದಲ್ಲಿ ನೋಡಿಯೇ ಇರಲಿಲ್ಲ. ನನ್ನ ಪಾಲಿಗೆ ಆ ಜಾಗವೆಂದರೆ ಉಪ್ಪುನೀರು ಮತ್ತು ಅದರಲ್ಲಿ ನಿಂತ ಕಾಂಡ್ಲಾ ಸಸಿಗಳು. ದಸರೆಯ ಹೊತ್ತಿಗೆ ಅಲ್ಲಿ ಸಿಹಿನೀರಿನ ಮೇಲೆ ಎದೆಮಟ್ಟದ ಭತ್ತ ನಿಂತಿರುತ್ತದೆ, ಮೇಲಿನಿಂದ ನೋಡಿದರೆ ಎಲೆಯ ಸಂದಿಯಲ್ಲಿ ನೀರು ಇಣುಕುತ್ತದೆ, ಚಿತ್ರದಲ್ಲಿ ಅದೂ ಕಪ್ಪುಕೆಂಪಾಗಿಯೇ ಬರುತ್ತದೆ. ನೆನಪು ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದರೆ ಒಳ್ಳೆಯದಿತ್ತು, ಎಲ್ಲೋ ಒಂದು ಕಡೆ ಸಂಶಯ ಬರುತ್ತಿತ್ತು.

ಮರುದಿನ ಕಚೇರಿಯಲ್ಲಿ ನಕ್ಷೆ ಕೋಣೆಯ ಹಿರಿಯರಿಗೆ ಎಲ್ಲ ಹೇಳಿದೆ. ಅವರು ಎದ್ದು ಹೋಗಿ ನಮೂನೆಯ ಕಡತ ತಂದು ನನ್ನ ಕೈಬರಹದ ಸಾಲನ್ನು ತೆರೆದಿಟ್ಟರು. ತಮಾಷೆ ಮಾಡುತ್ತಾರೆ ಅಂದುಕೊಂಡಿದ್ದೆ, ಮಾಡಲಿಲ್ಲ.

"ಬರದ್ ಕೊಡ್ರಿ. ತಪ್ಪಾಗ್ಯದ ಅಂತ ಒಂದ್ ಪತ್ರ ಬರದ್ರ ಮುಗೀತು. ಮುದುಕಿ ಹೊಟ್ಟಿ ಮ್ಯಾಲ ಗೆರಿ ಎಳದೀವಿ ನಾವು."

ಮೇಡಂ ಬೇರೆಯದನ್ನು ಹೇಳಿದರು. ಅವರು ಕೆಟ್ಟವರಲ್ಲ. ಆ ಹೊಳೆಯ ಕಾಂಡ್ಲಾ ಉಳಿಸಲು ನಮ್ಮೆಲ್ಲರಿಗಿಂತ ಹೆಚ್ಚು ಓಡಾಡಿದ್ದವರು. ಸಿಗಡಿ ಕೆರೆಯವನ ಕೇಸು ಇನ್ನೂ ನಡೆಯುತ್ತಿತ್ತು. ಒಂದು ಕಡೆ ನೋಡದೆಯೇ ಬಣ್ಣ ಬಳಿದಿದ್ದೇವೆ ಎಂದು ನಾವೇ ಬರೆದುಕೊಟ್ಟರೆ ಅವನ ವಕೀಲ ಸುಮ್ಮನಿರುತ್ತಾನೆಯೇ? ಒಂದು ಪಟ್ಟಿ ಸುಳ್ಳಾದರೆ ಇಡೀ ನಕ್ಷೆ ಸುಳ್ಳು ಎನ್ನುತ್ತಾನೆ. ಮೇಲಿನ ಇಡೀ ವನ ಹೋಗುತ್ತದೆ. ಬರೆಯಬೇಡ ಎನ್ನುವುದಿಲ್ಲ, ಕೇಸು ಮುಗಿಯಲಿ ಎಂದರು.

ನಾನು ತಲೆಯಾಡಿಸಿದೆ. ಅಷ್ಟು ಬೇಗ ತಲೆಯಾಡಿಸಿದ್ದು ವನ ಉಳಿಯಲೆಂದೋ, ನನ್ನ ಸಾಲು ಬೆಳಕಿಗೆ ಬಾರದಿರಲೆಂದೋ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಎರಡೂ ಇದ್ದಿರಬೇಕು. ಯಾವುದು ಎಷ್ಟು ಎಂದು ಅಳೆಯುವ ಉಪಾಯ ನನಗೆ ಸಿಕ್ಕಿಲ್ಲ.

ಅತ್ತೆ ಹತ್ತು ದಿನ ಇದ್ದರು. ಬೆಳಿಗ್ಗೆ ಹೋಟೆಲಿನ ಹಿಂದೆ ಕುಳಿತು ತೆಂಗಿನಕಾಯಿ ತುರಿದುಕೊಡುತ್ತಿದ್ದರು, ಬೇಡ ಎಂದರೆ ಕೇಳುತ್ತಿರಲಿಲ್ಲ. ನಾನು ಸಂಜೆ ಬಂದ ಕೂಡಲೇ ಮುಖ ನೋಡುತ್ತಿದ್ದರು. "ಆಫೀಸ್ನವ್ರ್ ಎಂತ ಅಂದ್ರ್?" ಎಂದು ಒಂದೇ ಪ್ರಶ್ನೆ. ನೋಡುತ್ತಿದ್ದಾರೆ ಅತ್ತೆ ಎಂದು ಒಂದೇ ಉತ್ತರ. ಒಂದು ದಿನ ಅಪ್ಪ ನನ್ನ ಪರವಾಗಿ ಸಮಜಾಯಿಷಿ ಹೇಳಿದರು, ಕಾಗದದ ಕೆಲಸ ನಿಧಾನ ಎಂದು. ಅತ್ತೆ ಅಂದರು: "ನಿಧಾನ ಎಂತ ಇಲ್ಲ ಅಣ್ಣ. ನಂಗೆ ನೋಟೀಸ್ ಕೊಡುಕೆ ಒಂದೇ ದಿನ ಸಾಕಾಯ್ತ್."

ಬಸ್ಸಿಗೆ ಬಿಡಲು ಹೋದಾಗ ಹೇಳಿದೆ. ಬಸ್ಸು ಇನ್ನೂ ಬಂದಿರಲಿಲ್ಲ. ಅವರು ಚೀಲದ ಮೇಲೆ ಕುಳಿತಿದ್ದರು. ಆ ಗೆರೆ ಎಳೆದದ್ದು ನಾನು, ನೋಡದೆ ಎಳೆದದ್ದು, ಚಿಕ್ಕಂದಿನಲ್ಲಿ ಕಂಡದ್ದನ್ನು ನಂಬಿ ಎಳೆದದ್ದು. ಸರಿ ಮಾಡಲು ಪತ್ರ ಬರೆಯುತ್ತೇನೆ, ಆದರೆ ಒಂದು ಕೇಸು ಮುಗಿಯಬೇಕು, ಇಲ್ಲದಿದ್ದರೆ ಮೇಲಿನ ದೊಡ್ಡ ವನವನ್ನು ಕಡಿಯುತ್ತಾರೆ. ಇಷ್ಟೂ ಒಂದೇ ಉಸಿರಿನಲ್ಲಿ.

ಅವರು ಚೀಲದ ಮೇಲಿಂದ ಎದ್ದು ಸೆರಗು ಸರಿಮಾಡಿಕೊಂಡರು.

"ಮೇಲಿನ ಕಾಡ್ ಉಳಿಕ್ ಮಗಾ. ಅದ್ ಹೋದ್ರೆ ಮೀನೂ ಇಲ್ಲ, ದಂಡಿಯೂ ಇಲ್ಲ." ಮತ್ತೆ ಅಂದರು: "ನಂಗ್ ಒಂದ್ ಮಾತ್ ಕೇಂಬುಕಾಗ್ದಿತ್ತಾ ನಿಂಗೆ? ಹೋಟ್ಲಂಗೆ ಫೋನ್ ಇತ್ತಲ. ನಮ್ಮ್ ಬದಿ ಮನೆಯಂಗೂ ಇತ್ತ್."

ಫೋನ್ ಇತ್ತು. ಅಮ್ಮ ಹಬ್ಬಹಬ್ಬಕ್ಕೆ ಆ ಪಕ್ಕದ ಮನೆಗೆ ಫೋನ್ ಮಾಡಿ ಅತ್ತೆಯನ್ನು ಕರೆಸಿ ಮಾತಾಡುತ್ತಿದ್ದರು. ಚಿತ್ರ, ನಮೂನೆ, ಅಂಕಣ ಎಲ್ಲ ಮುಂದೆ ಹರಡಿಕೊಂಡು ಕುಳಿತ ದಿನ ಆ ಫೋನು ನನ್ನ ತಲೆಗೆ ಹೊಳೆದಿರಲಿಲ್ಲ. ಅತ್ತೆಯನ್ನು ಕೇಳಿ ತಿಳಿಯಬಹುದಾದ ಸಂಗತಿಯೊಂದು ಜಗತ್ತಿನಲ್ಲಿ ಇದೆ ಎಂದೇ ನಾನು ಎಣಿಸಿರಲಿಲ್ಲ.

ಅತ್ತೆ ಹೋದ ಹದಿನೈದು ದಿನದೊಳಗೆ ಆ ಪತ್ರವನ್ನು ಬರೆದೆ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಕೇಸು ಮುಗಿಯುವವರೆಗೆ ಕಾಯಲಾರದೆ, ಮೇಡಂ ಮಾತು ಮೀರಿ, ಧೈರ್ಯ ಮಾಡಿ ಕಳಿಸಿದೆ ಎಂದು. ಮೇಜಿನ ಮೇಲೆ ಬಿಸಿಲು ಬಿದ್ದಿದ್ದು, ಫ್ಯಾನಿಗೆ ಕಾಗದ ಹಾರದಂತೆ ಡಬ್ಬಿ ಇಟ್ಟದ್ದು, ಎಲ್ಲ ಕಣ್ಣಿಗೆ ಕಟ್ಟುತ್ತಿತ್ತು. ವರ್ಷಗಳ ಮೇಲೆ ಆ ಕೆಲಸ ಬಿಡುವಾಗ ಕಡತ ವಿಂಗಡಿಸುತ್ತ ಆ ಪತ್ರದ ಪ್ರತಿ ಸಿಕ್ಕಿತು. ಮೇಲಿನ ತಾರೀಖು ಜುಲೈ ಕೊನೆಯ ವಾರದ್ದು. ಅಂದರೆ ಕೇಸು ಮುಗಿದ ಮೇಲಿನದು. ಸಿಗಡಿ ಕೆರೆಯವನು ಸೋತು, ಮೇಲಿನ ವನ ಉಳಿದು, ಪತ್ರದಿಂದ ಯಾರಿಗೂ ತೊಂದರೆಯಿಲ್ಲ ಎಂದಾದ ಮೇಲಿನದು. ಜುಲೈ ಕೊನೆಗೆ ಆ ಹೊಳೆ ಎರಡು ತಿಂಗಳ ಮಳೆ ಕುಡಿದಿರುತ್ತದೆ. ಪುಣೆಯಲ್ಲಿ ಆ ದಿನಗಳಲ್ಲಿ ಬಿಸಿಲು ಬೀಳುವುದೂ ಅಪರೂಪ. ಆ ಬಿಸಿಲನ್ನು ನನ್ನ ಮೇಜಿನ ಮೇಲೆ ತಂದಿಟ್ಟವರು ಯಾರು?

ಪತ್ರಕ್ಕೆ ಉತ್ತರವಾಗಿ ಮರುಪರಿಶೀಲನೆಗೆ ಆದೇಶ ಬಂತು. ಅದೇ ವರ್ಷ ಮಳೆಗಾಲ ಕಳೆದು, ಡಿಸೆಂಬರಿನಲ್ಲಿ ಹೋದೆವು. ನಾನು, ನಕ್ಷೆ ಕೋಣೆಯ ಹಿರಿಯ, ಸರ್ಕಾರದ ಕಡೆಯಿಂದ ಒಬ್ಬ ನೌಕರ. ದಂಡೆ ಎರಡು ಕಡೆ ಕುಸಿದು ಹೊಳೆಗೆ ಬಾಯಿ ತೆರೆದಿತ್ತು. ಇಳಿತದ ಹೊತ್ತು. ಗದ್ದೆಯ ಕೆಸರಿನ ತುಂಬ ಕಾಂಡ್ಲಾ. ಕೆಲವು ಗೇಣುದ್ದ, ಮೊದಲ ವರ್ಷ ಬಂದು ನಿಂತವು ಸೊಂಟದವರೆಗೆ. ಎರಡು ಮಳೆಗಾಲ ಯಾರೂ ಕೀಳದೆ ಬಿಟ್ಟ ಸಸಿಗಳು. ಎಲೆಗಳು ಹೊಳೆಯುತ್ತಿದ್ದವು. ಬೇರಿನ ಬುಡದಲ್ಲಿ ಸಣ್ಣ ಏಡಿಗಳು ಓಡುತ್ತಿದ್ದವು. ಸಸ್ಯಶಾಸ್ತ್ರ ಓದಿದವನಾಗಿ ಹೇಳಬೇಕೆಂದರೆ, ಅಷ್ಟು ಆರೋಗ್ಯವಾದ ಎಳೆಯ ಕಾಂಡ್ಲಾ ವನವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಹಗ್ಗ ಹಿಡಿದು ಚೌಕ ಮಾಡಿ ಎಣಿಸಿದೆವು. ನೌಕರ ಪತ್ರವನ್ನು ಮತ್ತೊಮ್ಮೆ ಓದಿ, ನಗುತ್ತ ಕೇಳಿದ: "ಎಂತ ಸಾರ್, ನಿಮ್ಮ ನಕ್ಷೆ ಸರಿಯಾಗೇ ಇದೆಯಲ್ಲ. ಸುಮ್ಮನೆ ಹೆದರಿದಿರಿ."

ನಕ್ಷೆ ಕೋಣೆಯ ಹಿರಿಯರು ನನ್ನ ಮುಖ ನೋಡಿದರು. "ಸರಿ ಇರಲಿಲ್ರಿ" ಎಂದರು ಅವನಿಗೆ. "ಸರಿ ಮಾಡೀವಿ."

ನಮೂನೆಯಲ್ಲಿ ಸ್ಥಳೀಯರೊಬ್ಬರ ಸಹಿ ಬೇಕಿತ್ತು. ಇಲ್ಲಿ ಕಾಂಡ್ಲಾ ಗಿಡಗಳು ಇವೆ ಎಂದು ಒಂದು ಸಾಲು, ಅದರ ಕೆಳಗೆ. ದಂಡೆಯ ಮೇಲೆ ನಿಂತಿದ್ದವರು ಅತ್ತೆ ಒಬ್ಬರೇ. ಬೇಡ, ಬೇರೆ ಯಾರನ್ನಾದರೂ ಕೇಳೋಣ ಎಂದು ನಾನು ಹೇಳಿದೆ. ಅತ್ತೆ ಕೈ ಚಾಚಿ ಪೆನ್ನು ತೆಗೆದುಕೊಂಡರು.

"ಇಪ್ಪುದನ್ನ ಇಲ್ಲ ಅಂಬುಕಾತ್ತಾ?" ಎಂದರು. "ನೀನ್ ಆಗ ಬರ್ದದ್ದ್ ಬೇರೆ. ಈಗ ಇದ್ ಕಾಡೇ."

ಮೂರನೇ ತರಗತಿಯವರೆಗೆ ಓದಿದ ಅಕ್ಷರಗಳಲ್ಲಿ, ಕಾಗದವನ್ನು ಮೊಣಕಾಲಿನ ಮೇಲಿಟ್ಟುಕೊಂಡು, ನಿಧಾನವಾಗಿ ಸಹಿ ಹಾಕಿದರು. ಆಮೇಲೆ ಕೆಸರಿಗೆ ಇಳಿದು ಒಂದು ಸಸಿಯ ಬುಡವನ್ನು ಕೈಯಲ್ಲಿ ಹಿಡಿದರು, ಕೀಳುವ ಮೊದಲು ಹಿಡಿಯುವ ಹಾಗೆ. "ಇನ್ ಇದನ್ನ ಕಿತ್ರೆ ಕೇಸಾ ಮಗಾ?" ಎಂದು ಕೇಳಿದರು. ಹೌದು ಅತ್ತೆ ಎಂದೆ. ಅವರು ಕೈ ಬಿಟ್ಟರು.

ಕೊನೆಯದನ್ನು ನಾನು ಹೀಗೆ ಬರೆದಿದ್ದೇನೆ, ಏಕೆಂದರೆ ನನಗೆ ಹೀಗೆಯೇ ಕಾಣುತ್ತದೆ. ಆದರೆ ಬರೆಯುವ ಮೊದಲು ದೇಹೂ ರೋಡಿಗೆ ಹೋಗಿ, ಈಗ ನಿವೃತ್ತರಾಗಿರುವ ನಕ್ಷೆ ಕೋಣೆಯ ಹಿರಿಯರನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ ತಲೆಯಲ್ಲಾಡಿಸಿದರು.

"ಇಲ್ರಿ. ಅವರು ಗದ್ದ್ಯಾಗ ಇಳೀಲಿಲ್ಲ. ಸಹಿ ಮಾಡಿ ಪೆನ್ ಕೊಟ್ರು, ಮನಿ ಕಡೆ ಹೋದ್ರು. ಹಿಂದ್ ತಿರುಗಿ ನೋಡ್ಲಿಲ್ಲ. ನೀವು ಕರದ್ರಿ, ಅತ್ತೆ ಅಂತ. ಭಾಳ ಸರ್ತಿ ಕರದ್ರಿ."